ಡೌನ್‌ಲೋಡ್ ಆದ ಮೇಲೆ ಶುರುವಾಗುವ ಕೆಲಸ

ನನ್ನ ಖಾಲಾನ ಮಗಳು ಪಿಎಚ್.ಡಿ. ಮಾಡುತ್ತಿದ್ದಾಳೆ. ದಖನಿ ಉರ್ದು ಮತ್ತು ಕನ್ನಡದ ನಡುವಿನ ಕೊಡುಕೊಳೆ ಅವಳ ವಿಷಯ. ಹೋದ ವರ್ಷ ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದಳು. "ಆಪಾ, ಒಂದೊಂದು ಪ್ರಬಂಧಕ್ಕೂ ಹನ್ನೆರಡು, ಹದಿನೈದು ಫೈಲು. ಮೂವತ್ತು ಪ್ರಬಂಧ ಇಳಿಸಿದ್ದೀನಿ. ಯಾವ ಅಧ್ಯಾಯ ಯಾರದ್ದು ಅಂತ ನನಗೇ ಗೊತ್ತಾಗ್ತಿಲ್ಲ. ನೀವು ಮಕ್ಕಳಿಗೆ ಪೈಥಾನ್ ಹೇಳಿಕೊಡ್ತೀರಲ್ಲ, ಏನಾದ್ರೂ ಮಾಡಿಕೊಡಿ" ಅಂದಳು.

ಮಾಡಿಕೊಟ್ಟೆ. ಲಿಂಕ್‌ಗಳ ಪಟ್ಟಿ ಕೊಟ್ಟರೆ ಫೈಲುಗಳನ್ನು ಇಳಿಸಿ, ಜೋಡಿಸಿ, ಒಂದು ಪ್ರಬಂಧಕ್ಕೆ ಒಂದೇ ಪಿಡಿಎಫ್ ಮಾಡಿ, ಬಿಡಿ ಫೈಲುಗಳನ್ನು ಅಳಿಸಿ ಹಾಕುವ ಸಣ್ಣ ಪ್ರೋಗ್ರಾಂ. ಇಬ್ಬರಿಗೂ ಖುಷಿಯಾಯಿತು.

ಎರಡು ತಿಂಗಳಾದ ಮೇಲೆ ಅವಳ ಫೋನ್ ಬಂತು, ಅಳು ದನಿಯಲ್ಲಿ. ತನ್ನ ಕರಡಿನಲ್ಲಿ ಅವಳು ಹಿಂದಿನ ಸಂಶೋಧಕರೊಬ್ಬರ ಬಗ್ಗೆ, 'ಇವರು ಹೆಣ್ಣುಮಕ್ಕಳ ಹಾಡುಗಳನ್ನು ಗಮನಕ್ಕೇ ತಂದುಕೊಂಡಿಲ್ಲ' ಎಂದು ಬರೆದಿದ್ದಳು. ಮಾರ್ಗದರ್ಶಕರು ಆ ಪ್ರಬಂಧವನ್ನು ಮೊದಲೇ ಓದಿದ್ದರು. "ನಾಲ್ಕನೇ ಅಧ್ಯಾಯ ಪೂರ್ತಿ ಅದೇ ಇದೆಯಲ್ಲಮ್ಮ, ನೀನು ಓದಿಲ್ಲವಾ?" ಎಂದು ಕೇಳಿದರಂತೆ. ಅವಳ ಹತ್ತಿರವಿದ್ದ ಪಿಡಿಎಫ್‌ನಲ್ಲಿ ನಾಲ್ಕನೇ ಅಧ್ಯಾಯವೇ ಇರಲಿಲ್ಲ.

ಆಗಿದ್ದು ಇಷ್ಟು. ಆ ಅಧ್ಯಾಯ ಇಳಿಯುವಾಗ ನೆಟ್ ಹೋಗಿ, ಅರ್ಧ ಫೈಲು ಮಾತ್ರ ಬಂದಿತ್ತು. ಅರ್ಧ ಪಿಡಿಎಫ್ ತೆರೆಯಲಿಲ್ಲ. ತೆರೆಯದ ಫೈಲು ಸಿಕ್ಕರೆ ಬಿಟ್ಟು ಮುಂದೆ ಹೋಗು ಎಂದು ನಾನೇ ಕೋಡ್ ಬರೆದಿದ್ದೆ. ಪ್ರೋಗ್ರಾಂ ಅದನ್ನು ಬಿಟ್ಟು, ಉಳಿದದ್ದನ್ನು ಅಂಟಿಸಿ, ಬಿಡಿ ಫೈಲುಗಳನ್ನು ಅಳಿಸಿ, 'ಮುಗಿಯಿತು' ಎಂದು ಹಸಿರು ಅಕ್ಷರದಲ್ಲಿ ತೋರಿಸಿತ್ತು. ನನ್ನ ಎರಡು ಸಾಲಿನ ಸೋಮಾರಿತನದಿಂದ, ಕಷ್ಟಪಟ್ಟು ಬರೆದ ಒಬ್ಬ ವಿದ್ವಾಂಸರ ಮೇಲೆ ತೊಹಮತ್ ಹೊರಿಸಿದ ಹಾಗಾಯಿತು. ಕರಡಿನಲ್ಲೇ ಸಿಕ್ಕಿಬಿತ್ತು, ಅಲ್‌ಹಮ್ದುಲಿಲ್ಲಾಹ್. ಅಚ್ಚಾಗಿದ್ದರೆ?

ಆಮೇಲೆ ಆ ಪ್ರೋಗ್ರಾಂ ಅನ್ನು ಮೊದಲಿನಿಂದ ಮತ್ತೆ ಬರೆದೆ. ಅದರಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಕೋಡ್ ಬರೆಯುವ ವಿದ್ಯಾರ್ಥಿಗಳಿಗೆ ಇದು ಉಪಯೋಗವಾಗಬಹುದು. ಕೋಡ್ ಬರೆಯದವರಿಗೂ ತಾವು ಇಳಿಸಿಕೊಂಡ ಫೈಲನ್ನು ಎಷ್ಟು ನಂಬಬೇಕು ಎಂದು ತಿಳಿಯುತ್ತದೆ.

ನವರಂಗಪುರದಿಂದ ಬಂದ ಗಂಗೆ

ಮೊದಲು ಈ ಫೈಲುಗಳು ಎಲ್ಲಿಂದ ಬರುತ್ತವೆ ಎಂದು ನೋಡೋಣ. ಅಹಮದಾಬಾದಿನ ನವರಂಗಪುರದಲ್ಲಿ ಗುಜರಾತ್ ವಿಶ್ವವಿದ್ಯಾಲಯದ ಆವರಣವಿದೆ. ದೇಶದ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಕಂಪ್ಯೂಟರ್ ಜಾಲದಲ್ಲಿ ಜೋಡಿಸಲೆಂದು ಯುಜಿಸಿ 1991ರಲ್ಲಿ ಶುರುಮಾಡಿದ ಇನ್‌ಫ್ಲಿಬ್‌ನೆಟ್ ಬಹಳ ವರ್ಷ ಇದ್ದದ್ದು ಆ ಆವರಣದಲ್ಲಿ. 1996ರಲ್ಲಿ ಅದು ಸ್ವತಂತ್ರ ಅಂತರ ವಿಶ್ವವಿದ್ಯಾಲಯ ಕೇಂದ್ರವಾಯಿತು. ನಂತರ ಗಾಂಧಿನಗರದ ಇನ್ಫೋಸಿಟಿಗೆ ಸ್ಥಳಾಂತರವಾಯಿತು. ನಮ್ಮ ಕರ್ನಾಟಕದ ಎಷ್ಟೋ ಕಾಲೇಜು ಲೈಬ್ರರಿಗಳಲ್ಲಿ ಪುಸ್ತಕದ ಲೆಕ್ಕ ಇಡುವ 'ಸೋಲ್' ಎಂಬ ತಂತ್ರಾಂಶವೂ ಅವರದ್ದೇ.

ಪಿಎಚ್.ಡಿ. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನೂ ಕೊಡಬೇಕು ಎಂದು ಯುಜಿಸಿಯ 2009ರ ನಿಯಮ ಹೇಳಿತು. ಹಾಗೆ ಬಂದ ಪ್ರಬಂಧಗಳನ್ನು ಇನ್‌ಫ್ಲಿಬ್‌ನೆಟ್ ನಡೆಸುವ 'ಶೋಧಗಂಗಾ' ಭಂಡಾರದಲ್ಲಿ ಇಡಲಾಗುತ್ತದೆ. ಕಲಬುರಗಿಯಲ್ಲಿ ಕೂತ ಹುಡುಗಿ ಕಾಶ್ಮೀರದಲ್ಲಿ ಬರೆದ ಪ್ರಬಂಧವನ್ನು ದುಡ್ಡಿಲ್ಲದೆ ಓದಬಹುದು. ಮೊದಲಾದರೆ ಆ ವಿಶ್ವವಿದ್ಯಾಲಯದ ಲೈಬ್ರರಿಗೇ ಹೋಗಿ, ಅನುಮತಿ ಪತ್ರ ಕೊಟ್ಟು, ಅಲ್ಲೇ ಕೂತು ನೋಟ್ಸ್ ಬರೆದುಕೊಳ್ಳಬೇಕಿತ್ತು. ಮನೆಯಿಂದ ದೂರ ಹೋಗಲು ಒಪ್ಪಿಗೆ ಸಿಗದ ನಮ್ಮ ಹೆಣ್ಣುಮಕ್ಕಳಿಗೆ ಇದು ಎಷ್ಟು ದೊಡ್ಡ ಬಾಗಿಲು ಎಂದು ಬಿಡಿಸಿ ಹೇಳಬೇಕಿಲ್ಲ.

ಶೋಧಗಂಗಾ ಕೆಲಸ ಮಾಡುವುದು ಡಿಸ್ಪೇಸ್ ಎಂಬ ಮುಕ್ತ ತಂತ್ರಾಂಶದ ಮೇಲೆ. ಪ್ರತಿ ಪ್ರಬಂಧಕ್ಕೂ 10603 ಎಂದು ಶುರುವಾಗುವ ಒಂದು ಶಾಶ್ವತ ಗುರುತು ಸಂಖ್ಯೆ ಇರುತ್ತದೆ. ಪ್ರಬಂಧವನ್ನು ಅಧ್ಯಾಯಗಳಾಗಿ ಒಡೆದು ಇಟ್ಟಿರುತ್ತಾರೆ. '01_ಟೈಟಲ್' ಎಂದರೆ ಶೀರ್ಷಿಕೆ ಪುಟ, ಅದಾದ ಮೇಲೆ ಮೊದಲ ಪುಟಗಳು, ಪರಿವಿಡಿ, ಆಮೇಲೆ ಅಧ್ಯಾಯಗಳು, ಕೊನೆಗೆ '80_ರೆಕಮೆಂಡೇಶನ್'. ಹೀಗೆ ಒಡೆದು ಇಡುವುದರಿಂದ ಒಂದೇ ಅಧ್ಯಾಯ ಬೇಕಾದವರು ಅದೊಂದನ್ನೇ ಇಳಿಸಿಕೊಳ್ಳಬಹುದು, ಡೇಟಾ ಉಳಿಯುತ್ತದೆ. ಪೂರ್ತಿ ಪ್ರಬಂಧ ಬೇಕಾದವರಿಗೆ ಮಾತ್ರ ಜೋಡಿಸುವ ಕೆಲಸ ಉಳಿಯುತ್ತದೆ. ಡೌನ್‌ಲೋಡ್ ಆದ ಮೇಲೆ ಆ ಕೆಲಸವನ್ನು ತಾನಾಗಿ ಮಾಡುವ ಭಾಗವನ್ನು ಪೋಸ್ಟ್-ಪ್ರೊಸೆಸಿಂಗ್ ಎನ್ನುತ್ತಾರೆ. ನಾವು 'ಮೇಲ್ಗೆಲಸ' ಎಂದು ಕರೆಯೋಣ.

ಮೇಲ್ಗೆಲಸ ಯಾವಾಗ ಶುರುವಾಗಬೇಕು?

ಇದಕ್ಕೆ ಎರಡು ದಾರಿ ಇವೆ. ಒಂದು, ಡೌನ್‌ಲೋಡ್ ಮಾಡುವ ಪ್ರೋಗ್ರಾಂ ತಾನೇ 'ಈ ಫೈಲು ಮುಗಿಯಿತು' ಎಂದು ಮುಂದಿನವನಿಗೆ ಕೂಗಿ ಹೇಳುವುದು. ಏರಿಯಾ2 ಎಂಬ ಡೌನ್‌ಲೋಡ್ ತಂತ್ರಾಂಶದಲ್ಲಿ ಈ ಸೌಲಭ್ಯವಿದೆ. ಮುಗಿದ ಕೂಡಲೇ ಅದು ನಾವು ಹೇಳಿದ ಇನ್ನೊಂದು ಪ್ರೋಗ್ರಾಂ ಅನ್ನು ಎಬ್ಬಿಸಿ, ಕೆಲಸದ ಗುರುತು, ಫೈಲುಗಳ ಸಂಖ್ಯೆ, ಮೊದಲ ಫೈಲಿನ ಜಾಗ, ಈ ಮೂರನ್ನೂ ಅದಕ್ಕೆ ಒಪ್ಪಿಸುತ್ತದೆ. ವೀಡಿಯೊ ಇಳಿಸುವ ವೈಟಿ-ಡಿಎಲ್‌ಪಿ ಕೂಡ ಇದೇ ಜಾತಿಯದ್ದು. ಚಿತ್ರ ಬೇರೆ, ಧ್ವನಿ ಬೇರೆ ಇಳಿಸಿಕೊಂಡು, ಎರಡೂ ಬಂದ ಮೇಲೆ ಎಫ್‌ಎಫ್‌ಎಂಪೆಗ್ ಕೈಗೆ ಕೊಟ್ಟು ಒಂದು ಮಾಡಿಸುತ್ತದೆ.

ಎರಡನೆಯದು, ಒಂದು ಫೋಲ್ಡರನ್ನು ಕಾಯುತ್ತಾ ಕೂರುವುದು, ಹೊಸ ಫೈಲು ಕಂಡ ಕೂಡಲೇ ಎತ್ತಿಕೊಳ್ಳುವುದು. ಬರೆಯೋದು ಸುಲಭ, ಆದರೆ ಇಲ್ಲೊಂದು ಗುಂಡಿ ಇದೆ. ಫೋಲ್ಡರಿನಲ್ಲಿ ಹೆಸರು ಕಂಡಿತು ಎಂದ ಮಾತ್ರಕ್ಕೆ ಫೈಲು ಪೂರ್ತಿ ಬಂದಿದೆ ಎಂದಲ್ಲ. ಅನ್ನ ಬೇಯುವ ಮೊದಲೇ ಬಡಿಸಿದ ಹಾಗೆ ಆಗುತ್ತದೆ.

ಇದಕ್ಕೆ ಮದ್ದು ಎಂದರೆ, ಇಳಿಯುತ್ತಿರುವ ಫೈಲಿಗೆ 'ಪಾರ್ಟ್' ಎಂಬ ಬಾಲ ಅಂಟಿಸಿ ಬೇರೆ ಫೋಲ್ಡರಿನಲ್ಲಿ ಇಡುವುದು. ಪೂರ್ತಿ ಬಂದು, ಪರೀಕ್ಷೆ ಪಾಸಾದ ಮೇಲೆ ಮಾತ್ರ ಬಾಲ ಕತ್ತರಿಸಿ ಸರಿಯಾದ ಫೋಲ್ಡರಿಗೆ ಸಾಗಿಸುವುದು. ಎರಡೂ ಫೋಲ್ಡರು ಒಂದೇ ಡಿಸ್ಕಿನ ಒಂದೇ ಭಾಗದಲ್ಲಿರಲಿ. ಆಗ ಹೆಸರು ಬದಲಿಸುವುದು ಒಂದೇ ಏಟಿಗೆ ಆಗುತ್ತದೆ, ಮಧ್ಯೆ ಕರೆಂಟ್ ಹೋದರೂ ಅರ್ಧಂಬರ್ಧ ಫೈಲು ಅಲ್ಲಿ ಕಾಣುವುದಿಲ್ಲ. ಪೆನ್‌ಡ್ರೈವಿಗೆ ಸಾಗಿಸುವಾಗ ಹೀಗಾಗದು. ಅಲ್ಲಿ ನಡೆಯುವುದು ನಕಲು, ನಕಲು ಅರ್ಧಕ್ಕೆ ನಿಲ್ಲಬಹುದು.

ಹೆಸರು ನೋಡಬೇಡಿ, ಹೊಟ್ಟೆ ನೋಡಿ

ಮೊದಲ ಪರೀಕ್ಷೆ ಗಾತ್ರದ್ದು. ಫೈಲು ಕಳಿಸುವ ಸರ್ವರ್ ಸಾಮಾನ್ಯವಾಗಿ 'ಇಷ್ಟು ಬೈಟ್ ಕಳಿಸುತ್ತೇನೆ' ಎಂದು ಮೊದಲೇ ಹೇಳುತ್ತದೆ. ಬಂದದ್ದನ್ನು ಅದಕ್ಕೆ ಹೋಲಿಸಬೇಕು. ನಾನು ಈ ಒಂದು ಸಾಲು ಬರೆದಿದ್ದರೆ ಮೇಲಿನ ಕಥೆಯೇ ಇರುತ್ತಿರಲಿಲ್ಲ.

ಎರಡನೆಯದು ಜಾತಿ ಪರೀಕ್ಷೆ. ಎಷ್ಟೋ ಸಲ 'ಚಾಪ್ಟರ್ 3, ಪಿಡಿಎಫ್' ಎಂಬ ಹೆಸರಿನಲ್ಲಿ ಬಂದಿರುವುದು 'ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ' ಎನ್ನುವ ವೆಬ್ ಪುಟವಾಗಿರುತ್ತದೆ. ಅದರ ಗಾತ್ರ ಲೆಕ್ಕಕ್ಕೆ ಸರಿಯಾಗಿಯೇ ಇರುತ್ತದೆ! ನಿಜವಾದ ಪಿಡಿಎಫ್ ಶೇಕಡಾ ಚಿಹ್ನೆ, ಅದರ ಬೆನ್ನಿಗೇ ಪಿ, ಡಿ, ಎಫ್ ಎಂಬ ಮೂರು ಅಕ್ಷರಗಳಿಂದ ಶುರುವಾಗುತ್ತದೆ. ಜಿಪ್ ಫೈಲು ಪಿ, ಕೆ ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತದೆ. ಅದನ್ನು 1989ರಲ್ಲಿ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು.

ಮೂರನೆಯದು ಬಾಲದ ಪರೀಕ್ಷೆ. ಪಿಡಿಎಫ್‌ನಲ್ಲಿ ಯಾವ ಭಾಗ ಎಲ್ಲಿದೆ ಎಂಬ ವಿಳಾಸಪಟ್ಟಿಗೆ ದಾರಿ ತೋರಿಸುವ ಗುರುತು ಫೈಲಿನ ಕೊನೆಯಲ್ಲಿರುತ್ತದೆ. ಜಿಪ್‌ನಲ್ಲೂ ಒಳಗೇನಿದೆ ಎಂಬ ಪಟ್ಟಿ ಕೊನೆಯಲ್ಲೇ. ಅದಕ್ಕೇ ಕೊನೆಯ ಚೂರು ಬಾರದಿದ್ದರೆ ಮುಕ್ಕಾಲು ಪಾಲು ಬಂದಿದ್ದರೂ ಫೈಲು ತೆರೆಯದೆ ಹಟ ಹಿಡಿಯುತ್ತದೆ.

ನಾಲ್ಕನೆಯದು ಮುದ್ರೆ. ಎಸ್‌ಎಚ್‌ಎ-256 ಎಂಬ ಲೆಕ್ಕ ಫೈಲನ್ನು ಪೂರ್ತಿ ಓದಿ 64 ಅಕ್ಷರಗಳ ಒಂದು ಗುರುತು ಕೊಡುತ್ತದೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಗುರುತು ಬೇರೆಯಾಗುತ್ತದೆ. ಕಳಿಸಿದವರು ಮುದ್ರೆ ಕೊಟ್ಟಿದ್ದರೆ ಹೋಲಿಸಿ ನೋಡಬೇಕು. ಕೊಡದಿದ್ದರೂ ನಾವು ಬರೆದಿಟ್ಟುಕೊಳ್ಳಬೇಕು. ಒಂದೇ ಫೈಲು ಎರಡು ಸಲ ಇಳಿದರೆ, ಇಟ್ಟುಕೊಂಡ ಫೈಲು ಮುಂದೆಂದೋ ಕೆಟ್ಟರೆ, ಅದು ಹೇಳಿಬಿಡುತ್ತದೆ.

ಫೈಲುಗಳು ಜಿಪ್ ಕಟ್ಟಿನಲ್ಲಿ ಬಂದರೆ ಬಿಚ್ಚುವಾಗಲೂ ಎಚ್ಚರ ಬೇಕು. ಒಳಗಿನ ಫೈಲಿನ ಹೆಸರಿನಲ್ಲೇ 'ಮೇಲಿನ ಫೋಲ್ಡರಿಗೆ ಹೋಗು' ಎಂಬ ಎರಡು ಚುಕ್ಕೆಗಳ ಗುರುತು ಸೇರಿಸಿ, ನಮ್ಮ ಕಂಪ್ಯೂಟರಿನ ಬೇರೆ ಜಾಗದಲ್ಲಿ ಕೂತುಕೊಳ್ಳುವ ಕಿಡಿಗೇಡಿ ಜಿಪ್‌ಗಳಿವೆ. 42 ಕಿಲೋಬೈಟಿನ ಒಂದು ಕುಖ್ಯಾತ ಜಿಪ್ ಇದೆ, ಒಳಗೊಳಗಿನ ಕಟ್ಟುಗಳನ್ನೆಲ್ಲ ಬಿಚ್ಚುತ್ತಾ ಹೋದರೆ 4.5 ಪೆಟಾಬೈಟ್ ಆಗುತ್ತದೆ. ಆದ್ದರಿಂದ ಬಿಚ್ಚುವ ಮೊದಲು ಪಟ್ಟಿ ಓದಿ, ಪ್ರತಿ ಹೆಸರೂ ನಮ್ಮ ಫೋಲ್ಡರಿನ ಒಳಗೇ ಇಳಿಯುತ್ತದೆಯೇ ಎಂದು ನೋಡಿ, ಒಟ್ಟು ಗಾತ್ರಕ್ಕೆ ಮಿತಿ ಹಾಕಬೇಕು.

ಜೋಡಿಸುವಾಗ ಆಗುವ ಎಡವಟ್ಟು

ಕಂಪ್ಯೂಟರಿಗೆ ಹೆಸರಿನ ಪ್ರಕಾರ ಜೋಡಿಸು ಎಂದರೆ 'ಚಾಪ್ಟರ್ 1' ಆದ ಮೇಲೆ 'ಚಾಪ್ಟರ್ 10' ತಂದಿಡುತ್ತದೆ, ಆಮೇಲೆ 'ಚಾಪ್ಟರ್ 2'. ಅದು ಅಂಕಿಯನ್ನು ಅಂಕಿ ಎಂದು ಓದುವುದಿಲ್ಲ, ಒಂದೊಂದೇ ಅಕ್ಷರ ಹೋಲಿಸುತ್ತದೆ. ಶೋಧಗಂಗಾದ ಹೆಸರುಗಳಲ್ಲಿ 01, 02 ಎಂದು ಮುಂದೆ ಸೊನ್ನೆ ಇಟ್ಟಿರುವುದು ಇದಕ್ಕೇ. ನಾನು ಮಹಾ ಜಾಣತನ ಮಾಡಿ, ಹೆಸರು ಚೆಂದ ಕಾಣಲಿ ಎಂದು ಮೊದಲ ಪ್ರೋಗ್ರಾಂನಲ್ಲಿ ಆ ಮುಂದಿನ ಅಂಕಿಗಳನ್ನೇ ಕಿತ್ತುಹಾಕಿದ್ದೆ. ಹತ್ತು ಅಧ್ಯಾಯವಿದ್ದ ಪ್ರಬಂಧವೊಂದರಲ್ಲಿ ಕೊನೆಯ ಅಧ್ಯಾಯ ಎರಡನೆಯದಾಗಿ ಕೂತಿತ್ತು. ನಮಗೆ ಅಡ್ಡ ಎನಿಸುವುದನ್ನು ಅಳಿಸುವ ಮೊದಲು ಅದನ್ನು ಅಲ್ಲಿ ಯಾಕೆ ಇಟ್ಟಿದ್ದಾರೆ ಎಂದು ಕೇಳಿಕೊಳ್ಳಬೇಕಿತ್ತು.

'80_ರೆಕಮೆಂಡೇಶನ್' ಫೈಲಿನದ್ದು ಇನ್ನೊಂದು ಕಥೆ. ಅದರಲ್ಲಿ ಸಾಮಾನ್ಯವಾಗಿ ಶೀರ್ಷಿಕೆ ಪುಟ ಮತ್ತು ಸಮಾರೋಪ ಮತ್ತೊಮ್ಮೆ ಇರುತ್ತವೆ, ಪ್ರಬಂಧದ ಸಾರ ಬೇಗ ನೋಡುವವರಿಗೆಂದು. ಕಣ್ಣುಮುಚ್ಚಿ ಅಂಟಿಸಿದರೆ ಸಮಾರೋಪ ಎರಡು ಸಲ ಬಂದು ಪುಟಗಳ ಲೆಕ್ಕ ಕೆಡುತ್ತದೆ. ಈಗ ನನ್ನ ಪ್ರೋಗ್ರಾಂ ಅದನ್ನು ಬೇರೆ ಇಡುತ್ತದೆ, ಬೇರೆ ಇಟ್ಟಿದ್ದೇನೆ ಎಂದು ಹೇಳುತ್ತದೆ. ಕೊನೆಗೆ ಬಿಡಿ ಫೈಲುಗಳ ಪುಟಗಳನ್ನು ಕೂಡಿಸಿ, ಜೋಡಿಸಿದ ಪಿಡಿಎಫ್‌ನ ಪುಟಗಳಿಗೆ ತಾಳೆ ನೋಡುತ್ತದೆ.

ಕನ್ನಡ, ಉರ್ದು ಬಂದಾಗ

ಇಂಗ್ಲಿಷ್ ಪ್ರಬಂಧಕ್ಕೆ ಇಷ್ಟು ಸಾಕು. ನಮ್ಮ ಭಾಷೆಗಳಿಗೆ ಇನ್ನಷ್ಟು ಕೆಲಸವಿದೆ, ಇದನ್ನು ಬೇರೆಯವರು ಬಂದು ನಮಗೆ ಮಾಡಿಕೊಡುವುದಿಲ್ಲ.

ಮೊದಲು ಫೈಲಿನ ಹೆಸರು. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ 3 ಬೇಕು. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿವೆ, ಅಂದರೆ 18 ಬೈಟ್. ಪ್ರಬಂಧದ ಉದ್ದುದ್ದ ಶೀರ್ಷಿಕೆಯನ್ನೇ ಹೆಸರಾಗಿಟ್ಟರೆ ಮಿತಿ ದಾಟುತ್ತದೆ. ಬೈಟ್ ಲೆಕ್ಕದಲ್ಲಿ ಎಲ್ಲೆಂದರಲ್ಲಿ ಕತ್ತರಿಸಿದರೆ ಒತ್ತಕ್ಷರ ಮುರಿದು ಕೊನೆಗೆ ಚೌಕ ಡಬ್ಬಿ ಕಾಣುತ್ತದೆ. ಪದದ ಕೊನೆಯಲ್ಲಿ ಕತ್ತರಿಸಬೇಕು.

ಎರಡನೆಯದು ಒಳಗಿನ ಪಠ್ಯ. ಹಳೆಯ ಕನ್ನಡ ಪ್ರಬಂಧಗಳು ಹೆಚ್ಚಾಗಿ ನುಡಿ ಅಥವಾ ಬರಹದ ಹಳೆ ಫಾಂಟುಗಳಲ್ಲಿವೆ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟುಗಳು. ಕಣ್ಣಿಗೆ ಕನ್ನಡ, ಕಾಪಿ ಮಾಡಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಮೇಲ್ಗೆಲಸದ ಪ್ರೋಗ್ರಾಂ ಫಾಂಟಿನ ಹೆಸರು ಓದಿ, ನುಡಿಯಾದರೆ ಯುನಿಕೋಡಿಗೆ ಪರಿವರ್ತಿಸಬೇಕು. ಪುಟಗಳು ಬರೀ ಸ್ಕ್ಯಾನ್ ಚಿತ್ರಗಳಾದರೆ ಟೆಸೆರಾಕ್ಟ್‌ನಂಥ ಮುಕ್ತ ಓಸಿಆರ್ ತಂತ್ರಾಂಶಕ್ಕೆ ಕೊಡಬೇಕು. ಅದಕ್ಕೆ ಕನ್ನಡವೂ ಬರುತ್ತದೆ, ಉರ್ದುವೂ ಬರುತ್ತದೆ. ಆದರೆ ಓರೆಯಾಗಿ ಇಳಿಯುತ್ತಾ ಹೋಗುವ ನಸ್ತಾಲೀಖ್ ಬರಹದಲ್ಲಿ ತಪ್ಪು ಜಾಸ್ತಿ.

ಮೂರನೆಯದು ಉರ್ದು ಹುಡುಕಾಟ. ಅರಬ್ಬಿ ಕೀಬೋರ್ಡಿನ 'ಯೇ', 'ಕಾಫ್' ಬೇರೆ ಸಂಕೇತ, ಉರ್ದು ಕೀಬೋರ್ಡಿನವು ಬೇರೆ ಸಂಕೇತ. ಪದದ ಮಧ್ಯೆ ಬಂದಾಗ ಕಣ್ಣಿಗೆ ಎರಡೂ ಒಂದೇ. 'ಕಿತಾಬ್' ಎಂದು ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಎರಡನ್ನೂ ಒಂದು ಮಾಡಿಕೊಳ್ಳಬೇಕು.

ಇಲ್ಲಿ ನಾನು ಹಾಕಿಕೊಂಡ ಒಂದು ಕಟ್ಟುನಿಟ್ಟು ಇದೆ. ಪರಿವರ್ತಿಸಿದ ಪಠ್ಯ ಹುಡುಕಲು ಮಾತ್ರ. ಉದ್ಧರಿಸುವಾಗ ಮೂಲ ಪಿಡಿಎಫ್‌ನ ಪುಟ ತೆರೆದು ನೋಡಲೇಬೇಕು. ಪರಿವರ್ತನೆಯಲ್ಲಿ ಒಂದು ಒತ್ತು ಜಾರಿದರೂ ಇನ್ನೊಬ್ಬರು ಬರೆಯದ ಮಾತನ್ನು ಅವರ ಬಾಯಿಗೆ ಹಾಕಿದಂತೆ.

ಲೆಕ್ಕದ ಪುಸ್ತಕ

ಹಳೆಯ ಪ್ರೋಗ್ರಾಂನಲ್ಲಿ ಇಲ್ಲದ, ಹೊಸದರಲ್ಲಿ ಇರುವ ಮುಖ್ಯ ವಸ್ತು ಲೆಕ್ಕದ ಪುಸ್ತಕ. ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್ ಇದಕ್ಕೆ ಸಾಕು. ಪ್ರತಿ ಫೈಲಿಗೂ ಒಂದು ಸಾಲು: ಎಲ್ಲಿಂದ ಬಂತು, ಯಾವತ್ತು ಬಂತು, ಎಷ್ಟು ಬೈಟ್, ಮುದ್ರೆ ಏನು, ಯಾವ ಹಂತದಲ್ಲಿದೆ. ಕರೆಂಟ್ ಹೋಗಿ ಬಂದರೆ ಪ್ರೋಗ್ರಾಂ ಆ ಪುಸ್ತಕ ನೋಡಿ, ನಿಂತಲ್ಲಿಂದ ಮುಂದುವರಿಯುತ್ತದೆ. ಮುಗಿದ ಹಂತವನ್ನು ಎರಡನೇ ಸಲ ಓಡಿಸಿದರೂ ಫಲಿತಾಂಶ ಬದಲಾಗಬಾರದು, ಅಧ್ಯಾಯ ಎರಡು ಸಲ ಅಂಟಬಾರದು.

ಸೋತ ಫೈಲಿಗೆ ಬೇರೆ ಫೋಲ್ಡರು ಇದೆ. ಮೂರು ಸಲ ಮತ್ತೆ ಇಳಿಸಲು ನೋಡುತ್ತದೆ, ಪ್ರತಿ ಸಲ ಸ್ವಲ್ಪ ಹೆಚ್ಚು ಹೊತ್ತು ಕಾದು. ಸಾರ್ವಜನಿಕ ಭಂಡಾರದ ಬಾಗಿಲನ್ನು ಒಂದೇ ಸಮ ಬಡಿಯುವುದು ಬೇರೆ ಓದುಗರಿಗೆ ಮಾಡುವ ಅನ್ಯಾಯ. ಆಗಲೂ ಬಾರದಿದ್ದರೆ ಜೋಡಿಸುವ ಕೆಲಸ ಅಲ್ಲೇ ನಿಲ್ಲುತ್ತದೆ, 'ನಾಲ್ಕನೇ ಅಧ್ಯಾಯ ಬಂದಿಲ್ಲ, ಪ್ರಬಂಧ ಅಪೂರ್ಣ' ಎಂದು ಕೆಂಪು ಅಕ್ಷರದಲ್ಲಿ ತೋರಿಸುತ್ತದೆ. ಇದ್ದಷ್ಟೇ ಬೇಕು ಎಂದು ಓದುವವರೇ ಹೇಳಿದರೆ ಜೋಡಿಸುತ್ತದೆ. ಆದರೆ ಆ ಪಿಡಿಎಫ್‌ನ ಹೆಸರಿನಲ್ಲೇ 'ಅಪೂರ್ಣ' ಎಂದು ಸೇರಿರುತ್ತದೆ, ಇಲ್ಲದ ಅಧ್ಯಾಯದ ಜಾಗದಲ್ಲಿ 'ಈ ಅಧ್ಯಾಯ ಇಳಿದಿಲ್ಲ' ಎಂದು ಬರೆದ ಒಂದು ಹಾಳೆ ಕೂತಿರುತ್ತದೆ. ಮೂಲ ಫೈಲುಗಳನ್ನು ಅದು ಎಂದೂ ತಾನಾಗಿ ಅಳಿಸುವುದಿಲ್ಲ. ಜಾಗ ಸಾಲದಿದ್ದರೆ ಕೇಳುತ್ತದೆ.

ಸರಿಯಾಗಿ ಮುಗಿದ ಪಿಡಿಎಫ್‌ನ ಕೊನೆಗೂ ಒಂದು ಹಾಳೆ ಸೇರುತ್ತದೆ. ಅದರಲ್ಲಿ ಸಂಶೋಧಕರ ಹೆಸರು, ವಿಶ್ವವಿದ್ಯಾಲಯ, ಶೋಧಗಂಗಾದ ಗುರುತು ಸಂಖ್ಯೆ, ಇಳಿಸಿದ ತಾರೀಖು, ಯಾವ ಯಾವ ಫೈಲು ಸೇರಿವೆ ಎಂಬ ಪಟ್ಟಿ ಇರುತ್ತದೆ. ಶೋಧಗಂಗಾದ ಪ್ರಬಂಧಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಕೊಟ್ಟಿದ್ದಾರೆ. ಬರೆದವರ ಹೆಸರು ಹೇಳಬೇಕು, ವ್ಯಾಪಾರಕ್ಕೆ ಬಳಸಬಾರದು ಎಂಬುದು ಅದರ ಷರತ್ತು. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋದ ಪಿಡಿಎಫ್‌ಗಳಲ್ಲಿ ಮೊದಲು ಕಳೆದುಹೋಗುವುದು ಬರೆದವರ ಹೆಸರೇ. ಈ ಹಾಳೆ ಇದ್ದರೆ ಅದು ಫೈಲಿನ ಜೊತೆಗೇ ಇರುತ್ತದೆ.

ನಮ್ಮ ಹಿರಿಯರು ಮಾಡಿದ್ದೂ ಇದೇ

ಇಷ್ಟೆಲ್ಲ ಬರೆದ ಮೇಲೆ ಇದು ನಮಗೆ ಹೊಸ ವಿದ್ಯೆ ಅಲ್ಲ ಎಂದು ಹೊಳೆಯಿತು. ನವರಂಗಪುರದಿಂದ ಸಾಬರಮತಿ ದಾಟಿ ಅಹಮದಾಬಾದಿನ ಹಳೇ ಊರಿಗೆ ಹೋದರೆ ಹಜರತ್ ಪೀರ್ ಮುಹಮ್ಮದ್ ಶಾಹ್ ದರ್ಗಾದ ಗ್ರಂಥಾಲಯ ಸಿಗುತ್ತದೆ. ಅರಬ್ಬಿ, ಪಾರಸಿ, ಉರ್ದು ಹಸ್ತಪ್ರತಿಗಳಿಗೆ ಅದು ಹೆಸರಾದದ್ದು. ಅಂಥ ಹಸ್ತಪ್ರತಿಗಳನ್ನು ನಕಲು ಮಾಡುತ್ತಿದ್ದ ಕಾತಿಬರು ಒಂದು ಪುಟದ ಕೆಳಮೂಲೆಯಲ್ಲಿ ಮುಂದಿನ ಪುಟದ ಮೊದಲ ಪದವನ್ನು ಬರೆದಿಡುತ್ತಿದ್ದರು. ಹಾಳೆ ಚದುರಿದರೂ ಕ್ರಮ ತಪ್ಪಬಾರದು, ಒಂದು ಹಾಳೆ ಕಳೆದರೆ ತಕ್ಷಣ ಗೊತ್ತಾಗಬೇಕು. ನಕಲು ಮುಗಿದ ಮೇಲೆ ಮೂಲದ ಜೊತೆ ಕೂತು ಹೋಲಿಸಿ ಓದುವುದಕ್ಕೆ ಮುಕಾಬಲಾ ಎನ್ನುತ್ತಿದ್ದರು. ಕೊನೆಯಲ್ಲಿ ಯಾರು, ಯಾವಾಗ, ಎಲ್ಲಿ ನಕಲು ಮಾಡಿದರು ಎಂದು ಬರೆಯುವುದು ತರ್ಕೀಮಾ. ಹದೀಸಿನ ವಿದ್ವಾಂಸರು ಮಾತಿನ ಜೊತೆ ಅದನ್ನು ಹೇಳಿದವರ ಸರಣಿಯನ್ನೂ, ಅಂದರೆ ಸನದನ್ನೂ, ಕೇಳುತ್ತಿದ್ದರು. ಸರಣಿಯಲ್ಲಿ ಒಂದು ಕೊಂಡಿ ಬಿಟ್ಟಿದ್ದರೆ ಬಿಟ್ಟಿದೆ ಎಂದು ಹೇಳಿಯೇ ಮುಂದೆ ಹೋಗುತ್ತಿದ್ದರು. ನನ್ನ ಮೊದಲ ಪ್ರೋಗ್ರಾಂ ಮಾಡದೇ ಹೋದದ್ದು ಇದನ್ನೇ.

ಸುದ್ದಿ ಬಂದಾಗ ಪರಿಶೀಲಿಸಿ, ಅರಿಯದೆ ಯಾರಿಗೋ ಕೇಡು ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಡಿ ಎಂಬ ಅರ್ಥದ ಆಯತ್ ಸೂರಾ ಅಲ್-ಹುಜುರಾತ್‌ನಲ್ಲಿದೆ. ಇಳಿಸಿಕೊಂಡ ಫೈಲೂ ಒಂದು ಸುದ್ದಿಯೇ. ಬರೆದವರು ಅದನ್ನು ಓದುವವರ ಕೈಗೆ ಅಮಾನತ್ ಆಗಿ ಕೊಟ್ಟಿದ್ದಾರೆ. ಮಧ್ಯೆ ನಿಂತ ನಮ್ಮ ಪ್ರೋಗ್ರಾಂ ಅದನ್ನು ಜೋಡಿಸಲಿ, ಹೆಸರಿಡಲಿ, ಹುಡುಕಲು ಬರುವ ಹಾಗೆ ಮಾಡಲಿ. ಆದರೆ ಏನು ಮಾಡಿದೆ, ಏನು ಮಾಡಲಾಗಲಿಲ್ಲ ಎಂದು ಲೆಕ್ಕ ಒಪ್ಪಿಸಬೇಕು.

ಈ ಕೆಲಸ ಕಲಿಯಬೇಕು ಎನ್ನುವ ವಿದ್ಯಾರ್ಥಿಗಳಿಗೆ ಒಂದು ಮಾತು. ದೊಡ್ಡದನ್ನು ಕಟ್ಟಲು ಹೋಗಬೇಡಿ. ನಿಮ್ಮ ವಿಷಯದ ಒಂದೇ ಒಂದು ಪ್ರಬಂಧ ತೆಗೆದುಕೊಂಡು, ಅದರ ಫೈಲುಗಳನ್ನು ಮೊದಲು ಕೈಯಿಂದಲೇ ಜೋಡಿಸಿ ನೋಡಿ. ಎಲ್ಲಿ ಎಡವಿದಿರಿ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿಮ್ಮ ಪ್ರೋಗ್ರಾಂ ಏನೇನು ಪರೀಕ್ಷಿಸಬೇಕು ಎಂಬ ಪಟ್ಟಿ ಅದೇ. ಬರೆದು ಮುಗಿದ ಮೇಲೆ ಒಂದು ಅಧ್ಯಾಯವನ್ನು ಬೇಕೆಂದೇ ಅರ್ಧ ಕತ್ತರಿಸಿ ಅದಕ್ಕೆ ತಿನ್ನಿಸಿ. ಆಗ ಅದು ಸುಮ್ಮನೆ 'ಮುಗಿಯಿತು' ಎಂದರೆ, ಇನ್ನೊಬ್ಬರಿಗೆ ಕೊಡಬೇಡಿ.

ನನ್ನ ತಂಗಿ ಆ ನಾಲ್ಕನೇ ಅಧ್ಯಾಯವನ್ನು ಮತ್ತೆ ಇಳಿಸಿ ಓದಿದಳು. ಅವಳ ಕರಡಿನಲ್ಲಿ ಆ ಸಂಶೋಧಕರ ಹೆಸರು ಈಗ ಹತ್ತಾರು ಕಡೆ ಬರುತ್ತದೆ, ಋಣ ಸ್ಮರಿಸುವ ದನಿಯಲ್ಲಿ.